ಕಪ್ಪು ಪರದೆಯ ಪಟ್ಟಿಗೆ ಹೆದರಬೇಡಿ



ಹೋದ ತಿಂಗಳು ಒಂದು ಬೆಳಿಗ್ಗೆ, ಗಂಗಾವತಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೂತಿದ್ದೆ. ಫೋನು ಬಂತು. ತಾನು ಕಂಪ್ಯೂಟರ್ ಕಂಪನಿಯವನೆಂದೂ ನಮ್ಮ ಲ್ಯಾಪ್‌ಟಾಪಿನಲ್ಲಿ ಕಳ್ಳರು ಹೊಕ್ಕಿದ್ದಾರೆಂದೂ ಒಬ್ಬಾತ ಹಿಂದಿಯಲ್ಲಿ ಹೇಳಿದ. ನಮ್ಮವರ ಅಂಗಡಿ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲಾ ಅದರಲ್ಲೇ. ನನ್ನೆದೆ ಧಸಕ್ಕೆಂದಿತು.

ಅವನು ಹೇಳಿದಂತೆ ವಿಂಡೋಸ್ ಗುರುತಿನ ಕೀಲಿಯನ್ನೂ ‘ಆರ್’ ಅಕ್ಷರವನ್ನೂ ಒಟ್ಟಿಗೆ ಒತ್ತಿ, ‘ಸಿಎಂಡಿ’ ಎಂದು ಬರೆದು ಎಂಟರ್ ಒತ್ತಿದೆ. ಕಪ್ಪು ಪರದೆ ತೆರೆಯಿತು. ಅದರಲ್ಲಿ ‘ನೆಟ್‌ಸ್ಟ್ಯಾಟ್’ ಎಂದು ಬರೆಸಿದ. ಸರಸರನೆ ಸಾಲುಗಳು ಬಂದವು. “ಫಾರಿನ್ ಅಡ್ರೆಸ್ ಅಂತ ಇದೆಯಲ್ಲ, ಅವರೆಲ್ಲ ಪರದೇಶದ ಕಳ್ಳರು. ನಾನು ಹೇಳುವ ಆ್ಯಪ್ ಹಾಕಿಕೊಳ್ಳಿ, ಎಂಟು ಸಾವಿರ ಕಳಿಸಿ, ಎಲ್ಲ ತೆಗೆದುಬಿಡುತ್ತೇನೆ” ಎಂದ.

ಅಷ್ಟರಲ್ಲಿ, ಕುಷ್ಟಗಿಯಿಂದ ರಜೆಗೆ ಬಂದಿದ್ದ ಅಕ್ಕನ ಮಗಳು ಹಿತ್ತಲಿಂದ ಒಳಬಂದಳು. “ಚಿಗವ್ವ, ಮೊದ್ಲ ಫೋನ್ ಇಡು. ಅಂವಾನ ಕಳ್ಳ ಅದಾನ!” ಅಂದಳು. ಹಂಚಿನ ಮೇಲಿನ ರೊಟ್ಟಿ ಸೀದು ಕರಿಯಾಗಿತ್ತು. ಹೋದರೆ ಹೋಗಲಿ, ದುಡ್ಡು ಉಳಿಯಿತು!

ಆಮೇಲೆ ಅವಳು ಅದೇ ಪಟ್ಟಿಯನ್ನು ಓದಲು ಕಲಿಸಿದಳು. ಫಾರಿನ್ ಅಡ್ರೆಸ್ ಎಂದರೆ ಪರದೇಶವಲ್ಲ, ಸಂಪರ್ಕದ ಆಚೆ ತುದಿ ಅಷ್ಟೇ. ನೀವು ಬ್ಯಾಂಕಿನ ಪುಟ ತೆರೆದರೂ ಅಲ್ಲಿ ಒಂದು ಸಾಲು ಬರುತ್ತದೆ. 127.0.0.1 ಎಂದಿದ್ದರೆ ಯಂತ್ರ ತನ್ನೊಳಗೇ ಮಾತಾಡುತ್ತಿದೆ ಎಂದರ್ಥ.

‘ನೆಟ್‌ಸ್ಟ್ಯಾಟ್’ ಬರೆದು, ಜಾಗ ಬಿಟ್ಟು, ಒಂದು ಸಣ್ಣ ಅಡ್ಡಗೆರೆ ಹಾಕಿ ಅದಕ್ಕೆ ಅಂಟಿಸಿ ‘ಎಎನ್‌ಒ’ ಎಂದು ಬರೆದರೆ ಪಟ್ಟಿ ಪೂರ್ತಿ ಬರುತ್ತದೆ. ಸ್ಥಿತಿಯ ಮಾತುಗಳನ್ನು ನಮ್ಮ ಮನೆಯ ರೀತಿಯಲ್ಲೇ ತಿಳಿಯಬಹುದು:

ಲಿಸನಿಂಗ್ – ಬಾಗಿಲ ಬಳಿ ಕಾದು ಕೂತಿದ್ದಾರೆ, ಇನ್ನೂ ಯಾರೂ ಬಂದಿಲ್ಲ.

ಎಸ್ಟಾಬ್ಲಿಷ್ಡ್ – ಬಂದವರು ಕೂತು ಮಾತಾಡುತ್ತಿದ್ದಾರೆ.

ಟೈಮ್ ವೇಟ್ – ಎದ್ದು ಹೋಗಿದ್ದಾರೆ, ತಟ್ಟೆ ಇನ್ನೂ ಎತ್ತಿಲ್ಲ.

ತೆರೆದಿದ್ದ ಪುಟಗಳನ್ನೆಲ್ಲ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆವು. ಸಾಲುಗಳು ಕಡಿಮೆಯಾಗಿದ್ದವು! ಉಳಿದವೂ ಕಳ್ಳರೇ ಎಂದಲ್ಲ. ಯಂತ್ರ ತಾನೇ ಅಪ್‌ಡೇಟ್ ತರಲು ಹೊರಗೆ ಹೋಗುತ್ತಿರುತ್ತದೆ. ಸಾಲಿನ ಕೊನೆಯ ಅಂಕಿಯನ್ನು ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಹುಡುಕಿದರೆ ಅದು ಯಾವ ಪ್ರೋಗ್ರಾಮಿನದು ಎಂದು ತಿಳಿಯುತ್ತದೆ.

ಒಂದು ಎಚ್ಚರಿಕೆ. ಈ ಪಟ್ಟಿ ಯಾರು ಬಂದಿದ್ದಾರೆಂದು ಹೇಳುತ್ತದೆಯೇ ಹೊರತು, ಬಂದವರು ಒಳ್ಳೆಯವರೇ ಎಂದು ಹೇಳುವುದಿಲ್ಲ. ಅನುಮಾನವಿದ್ದರೆ ನಿಮಗೆ ಗೊತ್ತಿರುವ, ಎದುರಿಗೆ ಕೂತು ನೋಡುವವರಿಗೆ ತೋರಿಸಿ. ತಾನಾಗಿ ಫೋನು ಮಾಡಿದವನಿಗೆ ಬೇಡ.

ಈಗಾಗಲೇ ಅಂಥ ಆ್ಯಪ್ ಹಾಕಿಕೊಂಡಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ಮೊದಲು ಇಂಟರ್ನೆಟ್ ತಪ್ಪಿಸಿ. ಬ್ಯಾಂಕಿಗೆ ತಿಳಿಸಿ. ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸರ್ಕಾರದ ಸಹಾಯವಾಣಿ. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವುದು ಅಷ್ಟು ಸುಲಭ.

ಯಲಬುರ್ಗಿಯ ನಮ್ಮ ವೈನಿಗೂ ಇದನ್ನೆಲ್ಲ ಹೇಳಿದೆ. “ನನಗೂ ಹಂಗ ಫೋನ್ ಬಂದಿತ್ತವ್ವ, ಯಾರಿಗೂ ಹೇಳಿದ್ದಿಲ್ಲ” ಅಂದರು. ನೀವೂ ನಿಮ್ಮ ನೆರೆಮನೆಯವರಿಗೆ ಹೇಳಿರಿ.