ಚಿಕ್ಕಮಗಳೂರಿನ ಕಾಫಿ, ಪ್ರಾಗ್‌ನ ಬಂಡವಾಳ

1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅದರ ಪೆಟ್ಟು ಚಿಕ್ಕಮಗಳೂರಿನ ಮಲ್ಲಂದೂರಿನಂಥ ಊರುಗಳ ಕಾಫಿ ಕಣದವರೆಗೂ ಮುಟ್ಟಿತು. ರೂಪಾಯಿ ಲೆಕ್ಕದಲ್ಲಿ ಭಾರತದ ಕಾಫಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಆ ದೇಶ. 1942ರ ಕಾಯ್ದೆಯಂತೆ ಬೆಳೆಗಾರರು ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಮಂಡಳಿ ಮಾರಿದ ಮೇಲೆ ಹಣ ಕಂತುಗಳಲ್ಲಿ ಬರುತ್ತಿತ್ತು. ಗಿರಾಕಿ ಕೈತಪ್ಪಿದ ಮೇಲೆ ಪೂಲ್ ಕೂಡ ಹೆಚ್ಚು ಕಾಲ ಬಾಳಲಿಲ್ಲ. 1992ರಿಂದ ಸಡಿಲವಾಗುತ್ತ ಬಂದ ವ್ಯವಸ್ಥೆ 1996ರಲ್ಲಿ ಪೂರ್ತಿ ತೆರೆದುಕೊಂಡಿತು.

ಅದೇ ಹೊತ್ತಿಗೆ ಪೂರ್ವ ಯುರೋಪಿನ ದೇಶಗಳೂ ಸರ್ಕಾರಿ ಕಾರ್ಖಾನೆಗಳನ್ನು ಮಾರಾಟಕ್ಕಿಟ್ಟಿದ್ದವು. ಜೆಕ್‌ನ ಸ್ಕೋಡಾ ಕಾರು ಕಂಪನಿಗೆ 1991ರಲ್ಲೇ ಫೋಕ್ಸ್‌ವ್ಯಾಗನ್ ಕಾಲಿಟ್ಟಿತು. ಹಂಗರಿ ತನ್ನ ಕಂಪನಿಗಳನ್ನು ವಿದೇಶಿಯರಿಗೆ ನೇರವಾಗಿ ಮಾರಿ, ಆರಂಭದಲ್ಲೇ ಹೆಚ್ಚು ಬಂಡವಾಳ ಸೆಳೆಯಿತು. ರಷ್ಯಾ ಹಿಡಿದದ್ದು ಬೇರೆ ದಾರಿ. ಜನರಿಗೆ ಹಂಚಿದ ಷೇರು ಚೀಟಿಗಳು ಬೇಗನೆ ಕೆಲವರ ಕೈ ಸೇರಿದವು, ವಿದೇಶಿ ಹೂಡಿಕೆ ತೀರಾ ಕಡಿಮೆ ಬಂತು. ಕರಾರು ಮುರಿದರೆ ನ್ಯಾಯ ಸಿಗುವ ಭರವಸೆ ಇದ್ದ ಕಡೆಗೇ ಬಂಡವಾಳ ಹರಿಯುತ್ತದೆ. ಜೆಕ್, ಹಂಗರಿ, ಪೋಲೆಂಡ್ 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ್ದು ಈ ಭರವಸೆಯನ್ನು ಇನ್ನಷ್ಟು ಗಟ್ಟಿ ಮಾಡಿತು.

ಪೂರ್ವ ಯುರೋಪಿನಲ್ಲಿ ಹೀಗೆ ತೆರೆದ ಬಾಗಿಲಿನಿಂದ ಒಳಗೆ ಹೋದವರಲ್ಲಿ ಭಾರತೀಯರೂ ಇದ್ದರು. ಟಾಟಾ ಟೀ 2006ರಲ್ಲಿ ಜೆಕ್ ದೇಶದ ಚಹಾ ಕಂಪನಿ ಜೆಮ್ಚಾವನ್ನು ಕೊಂಡಿತು. 2009ರಲ್ಲಿ ಯುರೋಪಿಯನ್ ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕಿನ ಜತೆಗೂಡಿ ರಷ್ಯಾದ ಗ್ರ್ಯಾಂಡ್ ಕಂಪನಿಯ ಬಹುಪಾಲು ಷೇರು ಪಡೆಯಿತು. ಮಲೆನಾಡಿಗೆ ಇನ್ನೂ ಹತ್ತಿರದ ಮಾತೆಂದರೆ, ಚಿಕ್ಕಮಗಳೂರಿನ ತೋಟಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಕಟ್ಟಿದ ಕೆಫೆ ಕಾಫಿ ಡೇ 2010ರಲ್ಲಿ ಜೆಕ್‌ನ ಕೆಫೆ ಎಂಪೋರಿಯೊ ಸರಣಿಯನ್ನು ಕೊಂಡದ್ದು. ಹಿಂದೆ ಮಂಡಳಿಯ ಮೂಲಕ ಆ ಭಾಗಕ್ಕೆ ಹಸಿರು ಬೀಜವಷ್ಟೇ ಹೋಗುತ್ತಿತ್ತು. ಈ ಖರೀದಿಯಿಂದ ಅಂಗಡಿಯ ಒಡೆತನವೇ ಇಲ್ಲಿಯವರದಾಯಿತು. ಇದು ಚಿಕ್ಕ ಸಾಧನೆಯಲ್ಲ. ಆದರೆ ಸಾಲದ ಬಲದ ಮೇಲೆ ಬೆಳೆದ ಆ ಸಮೂಹ 2019ರಲ್ಲಿ ಸಿದ್ಧಾರ್ಥ ತೀರಿಕೊಂಡಾಗ ಸಾವಿರಾರು ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡಿತ್ತು.

ಇತ್ತ, 2015ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಾಫಿ ತೋಟಗಳಲ್ಲೂ ಶೇ 100ರಷ್ಟು ವಿದೇಶಿ ನೇರ ಹೂಡಿಕೆಗೆ ಅನುಮತಿ ಕೊಟ್ಟಿತು. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ 10 ಹೆಕ್ಟೇರಿಗಿಂತ ಚಿಕ್ಕವು. ಅಂಥ ಬೆಳೆಗಾರನಿಗೆ ತೋಟ ಕೊಳ್ಳಲು ಬರುವ ಹಣದಿಂದ ಲಾಭವಿಲ್ಲ, ಆತನ ಕೈಯಲ್ಲಿ ಉಳಿಯುವುದು ಜಮೀನಿನ ಬೆಲೆಯಷ್ಟೇ. ಪೂರ್ವ ಯುರೋಪಿನಲ್ಲಿ ಬಂಡವಾಳ ಫಲ ಕೊಟ್ಟದ್ದು ಕಾರ್ಖಾನೆಯ ಜತೆಗೆ ಕೆಲಸದ ಕೌಶಲ ಮತ್ತು ಮಾರುಕಟ್ಟೆಯನ್ನೂ ತಂದ ಕಡೆ. ಮೂಡಿಗೆರೆ, ಕಳಸದ ಪಾರ್ಚ್‌ಮೆಂಟ್ ಹಾಗೂ ಚೆರಿ ಕಾಫಿ ಇಲ್ಲೇ ಹುರಿದ ಪುಡಿಯಾಗಿ, ಊರಿನ ಹೆಸರಿನಲ್ಲೇ ವಿದೇಶಕ್ಕೆ ಹೋಗುವಂಥ ಘಟಕಗಳಿಗೆ ಹೂಡಿಕೆ ತರಲು ರಾಜ್ಯ ಸರ್ಕಾರವೂ ಕಾಫಿ ಮಂಡಳಿಯೂ ಮುಂದಾಗಬೇಕು. ಆ ಘಟಕಗಳಲ್ಲಿ ಬೆಳೆಗಾರರ ಸಂಘಗಳಿಗೆ ಪಾಲು ಇರಲೇಬೇಕೆಂಬ ಷರತ್ತನ್ನು ಮೊದಲೇ ಹಾಕಬೇಕು.