ಇಳಿಜಾರಿನಲ್ಲಿ ಉಳಿತಾಯವಿಲ್ಲ



ಮಾರುತಿ 800 ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಓಮ್ನಿ ವ್ಯಾನು 2019ರಲ್ಲಿ ನಿಂತಿತು. ಆದರೂ ತೋಟದ ಲೈನುಗಳ ಮುಂದೆ ಇವು ಇನ್ನೂ ಕಾಣುತ್ತವೆ. ನಾಲ್ಕು ಕೈ ಬದಲಾದ ಗಾಡಿಯಾದರೂ ಹೆರಿಗೆಗೆ, ಆಸ್ಪತ್ರೆಗೆ, ಸಂತೆಗೆ ಅದೇ ಆಸರೆ. ಸಾಲ ಮಾಡಿ ಕೊಂಡವರು ಕೈ ಹಿಡಿದು ಖರ್ಚು ಮಾಡುವುದು ತಪ್ಪಲ್ಲ. ಆದರೆ ಒಂದು ಉಳಿತಾಯವನ್ನು ನಾವು ಒಪ್ಪಲಾರೆವು. ಘಾಟಿ ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವುದು, ಕೆಲವರು ಎಂಜಿನನ್ನೇ ಆಫ್ ಮಾಡುವುದು, ಇದೇ ಆ ಉಳಿತಾಯ.

ಇದರಿಂದ ಪೆಟ್ರೋಲು ನಿಜವಾಗಿ ಉಳಿಯುತ್ತದೆಯೇ? ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿಯೇ ಇಳಿಯುತ್ತಾ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ; ಪೆಟ್ರೋಲು ತಾನಾಗಿಯೇ ಕಟ್ ಆಗುತ್ತದೆ. ನ್ಯೂಟ್ರಲ್‌ಗೆ ಹಾಕಿದರೋ, ಎಂಜಿನು ನಿಂತುಹೋಗದಿರಲು ಪೆಟ್ರೋಲು ಕುಡಿಯುತ್ತಲೇ ಇರಬೇಕು. ಉಳಿಸಲು ಹೋದವರೇ ಹೆಚ್ಚು ಸುಡುತ್ತಾರೆ. ಹಳೆಯ ಕಾರ್ಬುರೇಟರ್ ಗಾಡಿಯಲ್ಲಿ ಚೂರು ಉಳಿಯಬಹುದು. ಆ ಚೂರಿಗೆ ತೆರುವ ಬೆಲೆ ಏನೆಂದು ನೋಡೋಣ.

ಗೇರು ಬಿಟ್ಟ ಗಾಡಿಯನ್ನು ಹಿಡಿದು ನಿಲ್ಲಿಸಲು ಬ್ರೇಕು ಒಂದೇ ಗತಿ. ತಾಮರಶ್ಶೇರಿ ಘಾಟಿಯಲ್ಲಿ 9 ಹೇರ್‌ಪಿನ್ ತಿರುವುಗಳಿವೆ. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯಲ್ಲಿ 36 ಇವೆ. ದಾರಿಯುದ್ದಕ್ಕೂ ಬ್ರೇಕನ್ನೇ ಒತ್ತುತ್ತಾ ಬಂದರೆ ಡ್ರಮ್ಮು, ಡಿಸ್ಕು ಎರಡೂ ಕಾಯುತ್ತವೆ. ಆ ಕಾವು ಬ್ರೇಕ್ ಆಯಿಲಿಗೆ ತಲುಪುತ್ತದೆ. ಈ ಆಯಿಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಹೊಸ ಡಾಟ್ 3 ಆಯಿಲು ಕುದಿಯಲು ಕನಿಷ್ಠ 205 ಡಿಗ್ರಿ ಕಾವು ಬೇಕು. ತೇವ ಹೀರಿದ ಮೇಲೆ ಅದು 140 ಡಿಗ್ರಿಯ ಹತ್ತಿರಕ್ಕೆ ಇಳಿಯಬಹುದು. ಕುದಿದರೆ ಪೈಪಿನೊಳಗೆ ಆವಿ ತುಂಬುತ್ತದೆ. ಆವಿ ಒತ್ತಿದಷ್ಟೂ ಕುಗ್ಗುತ್ತದೆ. ಪೆಡಲು ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ.

ಎಂಜಿನು ಆಫ್ ಮಾಡಿದರೆ ಇನ್ನೂ ಕಷ್ಟ. ಬೂಸ್ಟರ್ ಇರುವ ಗಾಡಿಯಲ್ಲಿ ಎರಡು ಮೂರು ಸಲ ಒತ್ತುವಷ್ಟರಲ್ಲಿ ಅದರ ಬಲ ಮುಗಿದು ಪೆಡಲು ಕಲ್ಲಾಗುತ್ತದೆ. ಪವರ್ ಸ್ಟಿಯರಿಂಗೂ ಭಾರವಾಗುತ್ತದೆ. ಕೀಲಿ ತೆಗೆದರೆ ಸ್ಟಿಯರಿಂಗು ಲಾಕ್ ಆಗಬಹುದು.

“ವರ್ಷಗಟ್ಟಲೆ ಹೀಗೆಯೇ ಇಳಿಸಿದ್ದೇವೆ, ಏನೂ ಆಗಿಲ್ಲ” ಎನ್ನುವ ಅಣ್ಣಂದಿರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಮಲೆಯ ಪ್ರತಿಯೊಂದು ಮಳೆಗಾಲವೂ ಆ ಆಯಿಲಿಗೆ ತೇವ ಕುಡಿಸಿದೆ. ಅಭ್ಯಾಸ ಅದೇ ಇರಬಹುದು, ಬ್ರೇಕು ಮಾತ್ರ ಹಿಂದಿನಂತೆ ಇಲ್ಲ.

2023ರ ಆಗಸ್ಟ್ 25ರಂದು ವಯನಾಡಿನ ಮಾನಂತವಾಡಿ ಸಮೀಪ ಕಣ್ಣೋತ್ತುಮಲದಲ್ಲಿ ಜೀಪೊಂದು ಕಮರಿಗೆ ಉರುಳಿತು. ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಚಹಾ ತೋಟದ 9 ಮಂದಿ ಹೆಂಗಸರು ತೀರಿಹೋದರು. ಆ ಗಾಡಿಯ ಮೇಲೆ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಒಂದು ಮಾತು ಮಾತ್ರ ಹೇಳುತ್ತೇವೆ: ಜೀಪಿನ ಹಿಂದೆ ಕೂತವರ ಕಾಲಿನ ಕೆಳಗೆ ಬ್ರೇಕು ಇರುವುದಿಲ್ಲ. ಅವರ ಮಕ್ಕಳ ಅನ್ನ ಮುಂದೆ ಕೂತವನ ಕಾಲಿನಲ್ಲಿದೆ.

ಆದ್ದರಿಂದ ಗಾಡಿ ಇಟ್ಟವರಲ್ಲಿ ನಮ್ಮ ಬಿನ್ನಹ ಇಷ್ಟು. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಹಾಕಿರಿ. ಕಡಿದಾದ ಕಡೆ ಎರಡನೆಯದು, ಬೇಕಾದರೆ ಒಂದನೆಯದು. ತಿರುವಿಗೆ ಬರುವ ಮೊದಲೇ ವೇಗ ತಗ್ಗಿಸಿರಿ. ಎರಡು ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಬ್ರೇಕ್ ಆಯಿಲನ್ನು ಪೂರ್ತಿ ಬದಲಾಯಿಸಿರಿ. ಡಬ್ಬಿಯಲ್ಲಿ ಆಯಿಲು ಇಳಿದಿದ್ದರೆ ಮೇಲೆ ಸುರಿದು ಸುಮ್ಮನಾಗಬೇಡಿರಿ. ಪ್ಯಾಡು ಸವೆದಿರಬಹುದು, ಎಲ್ಲೋ ಸೋರುತ್ತಿರಬಹುದು, ಮೆಕ್ಯಾನಿಕ್ಕಿಗೆ ತೋರಿಸಿರಿ. ಟೈರಿನ ಗೀರು 1.6 ಮಿಲಿಮೀಟರಿಗೆ ಇಳಿದರೆ ಆ ಟೈರಿನ ಆಯುಸ್ಸು ಮುಗಿಯಿತು. ಸುಟ್ಟ ವಾಸನೆ ಬಂದರೆ, ಪೆಡಲು ಮೆತ್ತಗಾದರೆ, ಜಾಗ ನೋಡಿ ನಿಲ್ಲಿಸಿ ತಾನಾಗಿ ಆರಲು ಬಿಡಿರಿ. ಕಾದ ಡಿಸ್ಕಿಗೆ ನೀರು ಎರಚಬೇಡಿರಿ.

ಕೂಲಿಗೆಂದು ಜೀಪು ಹತ್ತುವ ಅಕ್ಕ ತಂಗಿಯರೇ, ನೀವೂ ಬಾಯಿ ಬಿಡಿ. “ಅಣ್ಣಾ, ಗೇರಿನಲ್ಲಿ ಇಳಿಸಿ” ಎಂದರೆ ಅದು ಅಧಿಕಪ್ರಸಂಗವಲ್ಲ. ನಾಲ್ಕು ಜನ ಒಟ್ಟಿಗೆ ಹೇಳಿದರೆ ಕೇಳದ ಡ್ರೈವರ್ ಅಪರೂಪ. ಬ್ರೇಕ್ ಆಯಿಲಿನ ಖರ್ಚು ಒಂದು ಟೈರಿನ ಬೆಲೆಗೂ ಸಾಟಿಯಲ್ಲ. ಅದನ್ನು ಉಳಿಸಿ ಯಾರೂ ಮನೆ ಕಟ್ಟಿಲ್ಲ.