ಬ್ರಿಟನ್ ವಾಪಸ್ ಸೇರುತ್ತಾ? ಸೇರಲಿ, ಆದರೆ ಯಾತಕ್ಕೆ?

ಐರೋಪ್ಯ ಒಕ್ಕೂಟಕ್ಕೆ ಬ್ರಿಟನ್ ಮತ್ತೆ ಸೇರಬೇಕಾ ಅನ್ನೋ ಚರ್ಚೆ ಅಲ್ಲಿ ನಿಂತಿಲ್ಲ. ಸೇರಲಿ ಅಂತಲೇ ನಾನೂ ಹೇಳ್ತೀನಿ. ಆದರೆ ಮಾತೆಲ್ಲ ವ್ಯಾಪಾರ, ಸುಂಕದ ಸುತ್ತಲೇ ಇದೆ. ಹಕ್ಕಿನ ಮಾತು ಅಷ್ಟಾಗಿ ಕೇಳಿಸ್ತಿಲ್ಲ.

2016ರ ಜನಮತದಲ್ಲಿ 51.9% ಜನ ಹೊರಗೆ ಹೋಗೋಣ ಅಂದರು. 2020ರ ಜನವರಿ 31ಕ್ಕೆ ದೇಶ ಹೊರಬಿತ್ತು. ಹೋಗೋಕೆ ಅರ್ಧಕ್ಕಿಂತ ಚೂರು ಹೆಚ್ಚು ಓಟು ಸಾಕಾಯ್ತು. ವಾಪಸ್ ಬರೋಕೆ 27 ದೇಶಗಳೂ ಒಪ್ಪಬೇಕು.

ಒಕ್ಕೂಟದ ಮೂಲಭೂತ ಹಕ್ಕುಗಳ ಸನ್ನದಿನ 21ನೇ ವಿಧಿ ಹುಟ್ಟಿನ ಆಧಾರದ ತಾರತಮ್ಯವನ್ನೂ ನಿಷೇಧಿಸುತ್ತೆ. ಬ್ರಿಟನ್ನಿನ 2018ರ ಕಾಯ್ದೆ ಆ ಸನ್ನದನ್ನೇ ಕೈಬಿಟ್ಟಿತು. ಅದೇ ವರ್ಷ, ಸಮಾನತಾ ಕಾಯ್ದೆಗೆ ಜಾತಿಯನ್ನು ಸೇರಿಸಲ್ಲ ಅಂತ ಸರ್ಕಾರ ತೀರ್ಮಾನಿಸಿತು. ಸೇರಿಸಿ ಅಂತ 2013ರಲ್ಲೇ ಪಾರ್ಲಿಮೆಂಟು ಹೇಳಿತ್ತು! ನಮ್ಮ ಜನ ಅಲ್ಲೂ ಇದ್ದಾರೆ. ಜಾತಿಯೂ ವಿಮಾನ ಹತ್ತಿ ಹೋಗಿದೆ.

ನಾನು ಫೈಲು ನೋಡೋ ಗುಮಾಸ್ತ. ಒಂದು ಸಾಲು ಹೊಡೆದುಹಾಕೋಕೆ ನಿಮಿಷ ಸಾಕು, ಮತ್ತೆ ಬರೆಸೋಕೆ ವರ್ಷಗಳು ಬೇಕು.

ಸನ್ನದು ಬಂದ ಮಾತ್ರಕ್ಕೆ ಜಾತಿ ಹೋಗಲ್ಲ, ಗೊತ್ತು. ಆದರೂ ಕೋರ್ಟಲ್ಲಿ ತೋರಿಸೋಕೆ ಬಡವನ ಕೈಲಿ ಒಂದು ಕಾಗದ ಇರಬೇಕು. ವಾಪಸ್ ಸೇರೋಣ ಅನ್ನೋರು ಮೊದಲು ಆ ಕಾಗದದ ಮಾತಾಡಲಿ.

ಜೈ ಭೀಮ್.